ಯಾರು ನಿಂತರೂ ಒಂದೇ

ಹಟ್ಟಿ, ರಾಮಗಿರಿ ಹತ್ತಿರ,
ಹೊಳಲ್ಕೆರೆ ತಾಲ್ಲೂಕು.
೨೩ ನವೆಂಬರ್ ೨೦೨೫, ಭಾನುವಾರ ಬೆಳಿಗ್ಗೆ

ಸುಷ್ಮಿತಾಳ ಅಪ್ಪನಿಗೆ, ಹೇಮಾವತಿ ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಅಂತ ಮೊದಲು ಬರೆಯಬೇಕಲ್ಲ, ಬರೆದಿದ್ದೇನೆ. ನೀವು ಹೇಗಿದ್ದೀರಿ? ಧರ್ಮಪುರದ ಆಚೆ, ಆಂಧ್ರದ ಗಡಿ ಕಡೆ ಬೆಳಗಿನ ಜಾವ ಬಹಳ ಚಳಿಯಂತೆ, ನಿಮಗೆ ಹಿಟ್ಟು ತಲುಪಿಸಿ ಬರುವ ಕಾಟಯ್ಯ ಹೇಳಿದ. ಅವಸರದಲ್ಲಿ ಹೊಸ ಕಂಬಳಿ ಬಿಟ್ಟು ತೂತಿನದ್ದು ಹೊದ್ದು ಹೋಗಿದ್ದೀರಿ. ಹೊಸದನ್ನು ರಾಗಿಹಿಟ್ಟಿನ ಜೊತೆ ಕಾಟಯ್ಯನ ಹತ್ತಿರ ಕಳಿಸಿದ್ದೇನೆ. ಎದೆಯ ಕಫ ಕರಗಿತೆ? ಕುಂಟುತ್ತಿದ್ದ ಕರಿ ಕುರಿ ಈಗ ಮಂದೆಯ ಜೊತೆ ನಡೆಯುತ್ತದೆಯೆ? ಕಡಲೆಕಾಯಿ ಕಿತ್ತ ಹೊಲದಲ್ಲಿ ಗೊಬ್ಬರಕ್ಕೆ ಅಂತ ಕುರಿ ನಿಲ್ಲಿಸಿಕೊಂಡವರು ನಿಮಗೆ ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಾರೆ ಅಂದುಕೊಂಡಿದ್ದೇನೆ. ಊಟದ ಜೊತೆ ಇನ್ನೇನು ಕೊಡುತ್ತಾರೆ ಅಂತ ನಾನು ಕೇಳುವುದಿಲ್ಲ, ನೀವು ಹೇಳುವುದೂ ಬೇಡ.

ಫೋನಿನಲ್ಲಿ ಎರಡು ಮಾತಿಗೆ ಮುಗಿಯುವುದನ್ನು ಇಷ್ಟುದ್ದ ಬರೆಯುವ ಹಾಗೆ ಮಾಡಿದ್ದೀರಿ. ಟವರ್ ನೋಡಿ ಪೊಲೀಸರು ಹಿಡಿಯುತ್ತಾರೆ ಅಂತ ಯಾರೋ ಹೇಳಿದ್ದಕ್ಕೆ ಫೋನನ್ನು ರಾಗಿ ಡಬ್ಬಿಯಲ್ಲಿ ಹೂತಿಟ್ಟು ಹೋದಿರಲ್ಲ, ಅದು ಬೆಳಗಾದರೆ ರಾಗಿಯೊಳಗಿಂದಲೇ ಅಲಾರಂ ಹೊಡೆಯುತ್ತಿತ್ತು. ಈಗ ಚಾರ್ಜ್ ಮುಗಿದು ಸುಮ್ಮನಾಗಿದೆ. ಕಾಟಯ್ಯನಿಗೆ ಬಾಯಲ್ಲಿ ಹೇಳಿ ಕಳಿಸೋಣವೆಂದರೆ, ಅವನು ನಿಮ್ಮ ಹತ್ತಿರ ಬರುವಷ್ಟರಲ್ಲಿ ಹಿರಿಯೂರು ಬಸ್ ಸ್ಟ್ಯಾಂಡಿನ ಅರ್ಧ ಜನಕ್ಕೆ ಅದನ್ನು ಹಂಚಿರುತ್ತಾನೆ. ಅದಕ್ಕೇ ಮಾವ ಕಾಗದ ಬರೆ ಅಂದರು. ಬರೆದಾದ ಮೇಲೆ ನಿಮ್ಮ ತಮ್ಮ ಶಿವು ಅದನ್ನು ಅವರಿಗೆ ಪೂರ್ತಿ ಓದಿ ಹೇಳಬೇಕಂತೆ, ಆಮೇಲೇ ಕವರ್ ಅಂಟಿಸಬೇಕಂತೆ. ಆದ್ದರಿಂದ ಇದರಲ್ಲಿ ಬೈಗುಳ ಕಡಿಮೆ ಇದ್ದರೆ ಹೇಮಾ ತಣ್ಣಗಾಗಿದ್ದಾಳೆ ಅಂತ ಖುಷಿಪಡಬೇಡಿ.

ನನಗೆ ಕೂತರೆ ಕೂರಲಾಗುತ್ತಿಲ್ಲ. ಒಂದು ಸಾಲು ಬರೆದು ಎದ್ದು ಹೋಗಿ ಒಲೆ ನೋಡುತ್ತೇನೆ. ಒಲೆಯ ಮೇಲೆ ಏನೂ ಇಲ್ಲ, ಮತ್ತೆ ಬಂದು ಕೂರುತ್ತೇನೆ. ನಾಯಿ ಬೊಗಳಿದರೆ ಪೊಲೀಸ್ ಜೀಪು ಬಂತು ಅಂದುಕೊಳ್ಳುತ್ತೇನೆ. ಇಷ್ಟರಲ್ಲಿ ಮಾವ ಎರಡು ಸಲ ಬಾಗಿಲಿಗೆ ಬಂದು "ಬರ್ದಾತೇನವ್ವ" ಅಂತ ಕೇಳಿ ಹೋದರು. ಅವರಿಗೂ ನಿದ್ದೆ ಇಲ್ಲ, ಆದರೆ ಒಪ್ಪಿಕೊಳ್ಳುವುದಿಲ್ಲ.

ಆ ದಿನದ್ದನ್ನು ನಿಮಗೆ ಮತ್ತೆ ಹೇಳಲೇಬೇಕು, ಯಾಕೆಂದರೆ ನಿಮಗೆ ಅರ್ಧ ನೆನಪಿಲ್ಲ. ಹಿರಿಯೂರಿನಲ್ಲಿ ನಿಮ್ಮ ದೊಡ್ಡಪ್ಪನ ಮೊಮ್ಮಗನ ಜವಳದ ಊಟ ಮುಗಿಸಿದಾಗ ಇನ್ನೂ ಮಧ್ಯಾಹ್ನ. ಬಸ್ಸಿಗೆ ಹೋಗಾಣ, ಗೂಡ್ಸ್ ಗಾಡಿ ಇಲ್ಲೇ ಇರಲಿ ಅಂದೆ. "ಎರಡು ಗ್ಲಾಸಿಗೆ ನಂಗೇನಾಗ್ತತೆ, ಗಾಡಿಗೇ ದಾರಿ ಗೊತ್ತೈತೆ" ಅಂದಿರಿ. ಸುಷ್ಮಿತಾ ನನ್ನ ತೊಡೆಯ ಮೇಲಿದ್ದಳು. ಹೆದ್ದಾರಿಗೆ ಹತ್ತುವಲ್ಲಿ ಪೊಲೀಸರು ಅಡ್ಡ ಕೈ ಹಿಡಿದು, ನಳಿಗೆ ಬಾಯಿಗಿಟ್ಟು "ಊದ್ರಿ" ಅಂದರೆ ನೀವು ಉಸಿರು ಒಳಗೆಳೆದುಕೊಂಡಿರಿ. ಮತ್ತೆ ಊದಿಸಿದಾಗ ಮಿಷನ್ನು ಕೂಗಿಕೊಂಡಿತು. "ಪಾಯ್ಸ ಜಾಸ್ತಿ ಆಗೈತೆ ಸಾರ್" ಅಂದಿರಿ. ಪೊಲೀಸರೂ ನಕ್ಕರು. ನನಗೆ ನಗು ಬರಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ, ನಿಂತ ಲಾರಿಯೊಂದರ ಹಿಂಬದಿ ನನ್ನ ಮಗಳ ಮುಖದ ಹತ್ತಿರಕ್ಕೆ ಬಂದು ಪಕ್ಕಕ್ಕೆ ಸರಿದಿತ್ತು. ಅಂಥದ್ದೇನೂ ಆಗಲೇ ಇಲ್ಲ ಅಂತ ಸ್ಟೇಷನ್ನಿನಲ್ಲಿ ನನ್ನ ಜೊತೆಯೇ ವಾದ ಮಾಡಿದಿರಿ. ನನಗೆ ಈಗಲೂ ಅನ್ನ ಕಲಸುವಾಗ ಅದೇ ಕಣ್ಣಿಗೆ ಬರುತ್ತದೆ. ನಿಮ್ಮ ಮೇಲೆ ನನಗೆ ಬಹಳ ಸಿಟ್ಟಿದೆ. ಇದನ್ನು ಶಿವು ಗಟ್ಟಿಯಾಗಿಯೇ ಓದಲಿ.

ಜಾಮೀನಿನ ಮೇಲೆ ಮನೆಗೆ ಬಂದ ಮಾರನೇ ದಿನ ಹಟ್ಟಿಯಲ್ಲಿ ಏನಾಯಿತು ಅಂತ ನಿಮಗೆ ಗೊತ್ತು. ಮನೆಯಲ್ಲಿ ಯಾರು ತಪ್ಪು ಮಾಡಿದರೂ ಮನೆಯ ಹಿರಿಯರು ಮಿಂದು, ಒದ್ದೆ ಬಟ್ಟೆಯಲ್ಲಿ ದೇವರ ಗುಡಿಸಲ ಮುಂದೆ ನಿಂತು ತಪ್ಪಾಯಿತು ಅಂದರೆ ನಮ್ಮಲ್ಲಿ ಅಲ್ಲಿಗೆ ಮುಗಿಯಿತು. ತಪ್ಪು ಮಾಡಿದವನು ನಿಲ್ಲಬೇಕಾಗಿಲ್ಲ, ಅವನು ಹಿಂದೆ ಗೋಡೆಗೆ ಒರಗಿಕೊಂಡು ಬೀಡಿ ಸೇದಬಹುದು, ನೀವು ಸೇದಿದ ಹಾಗೆ. ನಿಮ್ಮ ಬದಲು ಮಾವ ನಡುಗುತ್ತಾ ನಿಂತರು. ಹಟ್ಟಿಯ ಹಿರಿಯರು ದೊಡ್ಡತಿಮ್ಮಪ್ಪನವರು "ಮನ್ಯಾಗೆ ಯಾರು ನಿಂತ್ರೂ ಒಂದೇ. ಮುಗೀತು, ಇನ್ನ ಯಾರೂ ಈ ಮಾತು ಎತ್ತಂಗಿಲ್ಲ" ಅಂದರು. ನಿಜವಾಗಿಯೂ ಯಾರೂ ಎತ್ತಲಿಲ್ಲ, ನೀರಿನ ಹತ್ತಿರ ಹೆಂಗಸರು ಕೂಡ ಎತ್ತಲಿಲ್ಲ. ಇದು ನಮ್ಮ ಹಟ್ಟಿಯ ದೊಡ್ಡ ಗುಣ ಅಂತ ನಾನು ತವರಿನಲ್ಲೂ ಹೇಳಿದ್ದೇನೆ. ಆದರೆ ಹಿರಿಯೂರು ಕೋರ್ಟಿಗೆ ಈ ಸುದ್ದಿ ಮುಟ್ಟಿರಲಿಲ್ಲ. ಸಮನ್ಸ್ ಬಂತು, ನೀವು ಕುರಿ ಕಡೆ ಹೊರಟಿರಿ, ಮಾವ "ಅಲ್ಲೂ ನಾನೇ ನಿಂತ್ಕಂತೀನಿ" ಅಂದರು.

ಹೋದ ಸೋಮವಾರ ಅವರ ಜೊತೆ ನಾನೂ ಹೋಗಿದ್ದೆ. ನಿಮ್ಮ ಹೆಸರು ಕೂಗಿದರು. ಮಾವ ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಟವೆಲ್ಲು ಸೊಂಟಕ್ಕೆ ಕಟ್ಟಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ಕೈ ಮುಗಿದು ನಿಂತರು. ಅವತ್ತು ಬೆಳಿಗ್ಗೆಯೂ ತಣ್ಣೀರು ಮಿಂದಿದ್ದರು. ಜಡ್ಜಮ್ಮ ಕನ್ನಡಕ ತೆಗೆದು ನೋಡಿ "ಮಾರುತೇಶ್ ನೀವೇನಾ?" ಅಂತ ಕೇಳಿದರು. "ಅಲ್ಲ ತಾಯಿ, ನಾನು ಅವ್ನ ಅಪ್ಪ ಜುಂಜಯ್ಯ. ತಪ್ಪಾಗೈತೆ. ನಾನು ನಿಂತೀನಿ, ಏನು ಹಾಕ್ತೀರೋ ಹಾಕ್ರಿ" ಅಂದರು. ಕುಡಿದು ಗಾಡಿ ಓಡಿಸಿದ್ದು ನೀವಾ ಅಂತ ಆಯಮ್ಮ ಕೇಳಿದ್ದಕ್ಕೆ "ನಾನು ಬಿಟ್ಟು ಬಾಳ ವರ್ಸ ಆತು ತಾಯಿ" ಅಂದರು. ಕೋಟು ಹಾಕಿದವರೆಲ್ಲ ನಕ್ಕರು. ಜಡ್ಜಮ್ಮ ಮಾತ್ರ ನಗಲಿಲ್ಲ. ತಪ್ಪು ಮಾಡಿದವನೇ ಬರಬೇಕು ಯಜಮಾನರೇ, ಅಪ್ಪ ಬಂದರೆ ಆಗುವುದಿಲ್ಲ ಅಂತ ಸಮಾಧಾನವಾಗಿ ಹೇಳಿ ನಿಮ್ಮ ಮೇಲೆ ವಾರಂಟ್ ಬರೆಸಿದರು. ಮಾವ ಆಚೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಎಡ ಬಲ ತಪ್ಪಿ ಹಾಕಿಕೊಂಡರು. ನನಗೆ ಅಲ್ಲೇ ಅಳು ಬಂತು.

ದಯಾನಂದ ಅಂತ ಒಬ್ಬ ವಕೀಲರು ನಮ್ಮನ್ನು ನೋಡಿ ಕರೆದು ಹೊಂಗೆ ಮರದ ಕೆಳಗೆ ಕೂರಿಸಿದರು. ಅವರು ಹೇಳಿದ್ದು ಇಷ್ಟು. ನೀವೇ ಹೋಗಿ ತಪ್ಪು ಒಪ್ಪಿಕೊಂಡರೆ, ಮೊದಲನೇ ಸಲವಾದ್ದರಿಂದ ದಂಡ ಹಾಕಿ ಬಿಡಬಹುದು, ಆದರೆ ಆರು ತಿಂಗಳವರೆಗೆ ಜೈಲಿಗೆ ಹಾಕುವುದಕ್ಕೂ ಕಾನೂನಿದೆ. ಎರಡನೇ ಸಲ ಸಿಕ್ಕಿಬಿದ್ದರೆ ಅದು ಎರಡು ವರ್ಷದವರೆಗೆ ಹೋಗುತ್ತದಂತೆ. ಪೊಲೀಸರು ತೆಗೆದುಕೊಂಡ ನಿಮ್ಮ ಲೈಸೆನ್ಸು ಚಿತ್ರದುರ್ಗದ ಆರ್‌ಟಿಒ ಆಫೀಸಿಗೆ ಹೋಗಿದೆ, ಯಾಕೆ ಅಮಾನತು ಮಾಡಬಾರದು ಅಂತ ಅಲ್ಲಿಂದ ಮೊನ್ನೆ ನೋಟಿಸೂ ಬಂತು. ಹೋಗಿ ಉತ್ತರ ಕೊಟ್ಟರೂ ಕೆಲವು ತಿಂಗಳು ಸ್ಟೇರಿಂಗ್ ಮುಟ್ಟುವ ಹಾಗಿಲ್ಲ, ತರಬೇತಿ ಅಂತ ಹೋಗಿ ಹುಡುಗರ ಜೊತೆ ಬೆಂಚಿನಲ್ಲಿ ಕೂರಬೇಕು. ಹೋಗದೇ ತಲೆ ತಪ್ಪಿಸಿಕೊಂಡರೆ ವಾರಂಟ್ ಹಿಡಿದು ಪೊಲೀಸರು ಹಟ್ಟಿಗೆ ಬರುತ್ತಾರೆ, ಹಿಡಿದುಕೊಂಡು ಹೋದವನಿಗೆ ಸುಲಭವಾಗಿ ಜಾಮೀನು ಸಿಗುವುದಿಲ್ಲ, ಲೈಸೆನ್ಸಿನ ಆಸೆಯನ್ನೂ ಬಿಡಬೇಕಾಗಬಹುದು ಅಂದರು. ಬರುವ ಗುರುವಾರ ಮತ್ತೆ ದಿನ ಕೊಟ್ಟಿದ್ದಾರೆ. ಗಾಡಿ ಇನ್ನೂ ಸ್ಟೇಷನ್ ಹಿತ್ತಲಲ್ಲೇ ನಿಂತಿದೆ, ಮೇಲೆಲ್ಲ ಹಕ್ಕಿ ಹಿಕ್ಕೆ.

ಈಗ ಮಾವ ಬರೆಸಿದ ಮಾತು. ನಿನ್ನೆ ಅವರೂ ದೊಡ್ಡತಿಮ್ಮಪ್ಪನವರೂ ಕೂತು ತೀರ್ಮಾನ ಮಾಡಿದ್ದಾರೆ. ಅಪ್ಪ ಬೇಡ, ಮಾರುತೇಶನೇ ಬೇಕು ಅಂತ ಕೋರ್ಟು ಹಟ ಹಿಡಿದಿದೆಯಲ್ಲ, ಗುರುವಾರ ಶಿವು ಹೋಗಿ ನಾನೇ ಮಾರುತೇಶ ಅಂತ ನಿಲ್ಲುವುದು. ನೀವಿಬ್ಬರೂ ಒಂದೇ ಅಚ್ಚು, ಹಟ್ಟಿಯವರೇ ಎಷ್ಟೋ ಸಲ ತಪ್ಪಿ ಕರೆಯುತ್ತಾರೆ. ಊದಿಸುವಾಗ ಪೊಲೀಸರು ಫೋಟೊ ತೆಗೆದಿದ್ದಾರೆ ಅಂತ ನಾನು ಹೇಳಿ ನೋಡಿದೆ. "ಫೋಟದಾಗಂತೂ ಇಬ್ರೂ ಒಂದೇ" ಅಂದರು ಮಾವ. ವಕೀಲರಿಗೆ ಈ ವಿಷಯ ಹೇಳುವುದು ಬೇಡವಂತೆ. ಯಾಕೆ ಅಂತ ಕೇಳಿದ್ದಕ್ಕೆ ಕೋರ್ಟಿನ ಮಾತು ನಿನಗ್ಯಾಕೆ ಅಂದರು. ಅವರಿಗೆ ಇದರಲ್ಲಿ ಮೋಸ ಕಾಣುವುದೇ ಇಲ್ಲ, ಅದೇ ನನಗೆ ದೊಡ್ಡ ಕಷ್ಟ. ದೇವರೇ ಒಪ್ಪಿದ್ದನ್ನು ಕೋರ್ಟು ಯಾಕೆ ಒಪ್ಪುವುದಿಲ್ಲ ಅಂತ ಕೇಳುತ್ತಾರೆ, ನಿಜವಾಗಿ ತಿಳಿಯದೆಯೇ ಕೇಳುತ್ತಾರೆ. ಆದ್ದರಿಂದ ನೀವು ಸಂಕ್ರಾಂತಿ ಕಳೆಯುವವರೆಗೆ ಅಲ್ಲೇ ಇರಬೇಕು, ಈ ಕಡೆ ತಲೆ ಹಾಕಬಾರದು ಅಂತ ಮಾವನ ಅಪ್ಪಣೆ. ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ.

ಇನ್ನು ಶಿವುವಿನ ವಿಷಯ. ಸಾರಿಗೆ ಸಂಸ್ಥೆಯ ಡ್ರೈವರ್ ಕೆಲಸಕ್ಕೆ ಗಾಡಿ ಓಡಿಸಿ ಪಾಸಾಗಿ, ನಡತೆ ಸರಿ ಇದೆಯೆ ಅಂತ ನೋಡುವ ಪೊಲೀಸ್ ವಿಚಾರಣೆ ಯಾವಾಗ ಬರುತ್ತದೋ ಅಂತ ದಾರಿ ಕಾಯುತ್ತಿದ್ದಾನೆ, ನಿಮಗೇ ಗೊತ್ತು. ಖಾಕಿ ಬಟ್ಟೆ ಹೊಲಿಸಲು ಹೊಳಲ್ಕೆರೆಯಲ್ಲಿ ಅಳತೆ ಕೊಟ್ಟು ಬರುತ್ತೇನೆ ಅಂತ ಆರ್ಡರ್ ಬರುವ ಮುಂಚೆಯೇ ಕುಣಿಯುತ್ತಿದ್ದವನು ನಿನ್ನೆ ಸಂಜೆ ಕನ್ನಡಿ ಮುಂದೆ ಕೂತು ಮೀಸೆಯನ್ನು ನಿಮ್ಮ ಹಾಗೆ ಕತ್ತರಿಸಿಕೊಂಡ. ಸುಷ್ಮಿತಾ ಹಿಂದಿನಿಂದ ನೋಡಿ ಅಪ್ಪ ಬಂದ ಅಂತ ಓಡಿ ಹೋಗಿ ಅವನ ಕಾಲು ತಬ್ಬಿದಳು. ಅವನು ತಿರುಗಿದ ಮೇಲೆ ಚಿಕ್ಕಪ್ಪನ ಮೇಲೆ ಸಿಟ್ಟು ಮಾಡಿಕೊಂಡು ಊಟ ಬಿಟ್ಟಳು. ನಿಮ್ಮನ್ನು ಬಹಳ ಕೇಳುತ್ತಾಳೆ. ನಾನೂ ಕೇಳುತ್ತೇನೆ, ಆದರೆ ನನ್ನನ್ನು ನಾನೇ ಕೇಳಿಕೊಳ್ಳಬೇಕು.

ಕಾಟಯ್ಯ ಹಿಟ್ಟಿನ ಚೀಲ ಕಟ್ಟಿಯಾಯಿತು, ಬಸ್ಸಿನ ಹೊತ್ತಾಯಿತು ಅಂತ ಗೊಣಗುತ್ತಿದ್ದಾನೆ. ಕಂಬಳಿಯ ಮಡಿಕೆಯಲ್ಲಿ ಎಳ್ಳುಂಡೆ ಇದೆ, ಅವನಿಗೆ ಹೇಳಿಲ್ಲ. ಕುರಿಗಳನ್ನೂ ನಿಮ್ಮನ್ನೂ ದೇವರು ಕಾಯಲಿ. ಹಟ್ಟಿಯ ದೊಡ್ಡವರ ಆಶೀರ್ವಾದ, ಚಿಕ್ಕವರ ನಮಸ್ಕಾರ, ಸುಷ್ಮಿತಾಳದ್ದು ಒಂದು ಮುತ್ತು.

ನಿಮ್ಮವಳೇ ಆದ
ಹೇಮಾವತಿ

ವಿ.ಸೂ. ಹೊಳಲ್ಕೆರೆ ಬಸ್ ಸ್ಟ್ಯಾಂಡಿನಿಂದ ಬರೆಯುತ್ತಿದ್ದೇನೆ. ಮಾವನಿಗೆ ಬಿ.ಪಿ. ಗುಳಿಗೆ ತರುತ್ತೇನೆ ಅಂತ ಹೇಳಿ ಕಾಟಯ್ಯನ ಜೊತೆ ಬಂದೆ. ಇದನ್ನು ಅವರಿಗೆ ಯಾರೂ ಓದಿ ಹೇಳುವುದಿಲ್ಲ. ಅಲ್ಲೇ ಇರಿ ಅಂತ ಮೇಲೆ ಬರೆದದ್ದು ಅವರ ಮಾತು. ನನ್ನ ಮಾತು ಬನ್ನಿ ಅಂತ. ಶಿವು ಸುಳ್ಳು ಹೆಸರಿನಲ್ಲಿ ನಿಂತು ಸಿಕ್ಕಿಬಿದ್ದರೆ ನಿಮ್ಮದು ದಂಡದಲ್ಲಿ ಹೋಗುವ ಕೇಸು, ಅವನದು ಕೋರ್ಟಿಗೇ ಮೋಸ ಮಾಡಿದ ಕೇಸು. ಅವನ ಕೆಲಸ ಅಲ್ಲಿಗೆ ಮುಗಿಯಿತು. ಇಷ್ಟನ್ನು ಸೇರಿಸೋಣ ಅಂತ ಕವರ್ ಬಿಚ್ಚಿದರೆ ಕಾಗದದ ಮಡಿಕೆಯೊಳಗೆ ನಿಮ್ಮ ಆಧಾರ್ ಕಾರ್ಡ್ ಇದೆ. ಗುರುವಾರ ಕೋರ್ಟಿನಲ್ಲಿ ತೋರಿಸಲು ಅಂತ ಮಾವ ನಿನ್ನೆ ತಾವೇ ಅದನ್ನು ಶಿವುವಿನ ಜೇಬಿಗೆ ಹಾಕಿದ್ದರು. ನಾನು ಇಟ್ಟಿಲ್ಲ. ಕಾಗದ ಓದಿ, ಮಡಚಿ, ಕವರ್ ಅಂಟಿಸಿ ಕೊಟ್ಟವನು ಅವನೇ. ಅಪ್ಪನಿಗೆ ಆಗುವುದಿಲ್ಲ ಅನ್ನಲು ಅವನಿಗೆ ಬಾಯಿಲ್ಲ, ನನಗೂ ಹೇಳಲಿಲ್ಲ, ಈ ಕಾರ್ಡಿನಲ್ಲೇ ನಿಮಗೆ ಹೇಳಿ ಕಳಿಸಿದ್ದಾನೆ. ಕುರಿ ನೋಡಿಕೊಳ್ಳಲು ಕಾಟಯ್ಯ ಅಲ್ಲೇ ಉಳಿಯುತ್ತಾನೆ, ಒಪ್ಪಿಸಿದ್ದೇನೆ. ಬಸ್ಸು ಬಂತು. ಕಾರ್ಡ್ ಇಲ್ಲದಿದ್ದರೂ ಅಪ್ಪ ನಡಿ ಅಂದರೆ ಗುರುವಾರ ಶಿವು ಹೊರಟೇ ಹೊರಡುತ್ತಾನೆ. ಕೋರ್ಟಿನ ಬಾಗಿಲಲ್ಲಿ ಅವನಿಗಿಂತ ಮುಂಚೆ ನೀವಿರಬೇಕು.