ಒಂದು ಚಿಟಿಕೆ ಹರಳು

ಮಾರ್ಚ್ ೧೪, ಶುಕ್ರವಾರ

ಮುದ್ದು ಪುಟ್ಟೀ,

ಚೆನ್ನಾಗಿದ್ದೀಯಾ? ನಿನ್ನ ಪತ್ರಗಳೆಲ್ಲ ಸಿಕ್ಕಿವೆ. ಉತ್ತರ ತಡವಾಯಿತೆಂದು ಬೈದುಕೊಳ್ಳಬೇಡ. ಪುರುಸೊತ್ತಿರಲಿಲ್ಲ ಅಂತ ಸುಳ್ಳು ಯಾಕೆ ಹೇಳಲಿ, ಬೇಕೆಂದೇ ತಡಮಾಡಿದೆ.

ಇಲ್ಲಿ ಎಲ್ಲ ಆರಾಮ. ನಿನ್ನ ಭಾವ ಹೊಸದಾಗಿ ಅಡುಗೆ ಕಲಿಯುತ್ತಿದ್ದಾರೆ, ಪಾತ್ರೆಗಳ ಗತಿ ಕೇಳಬೇಡ.

ನಿಮ್ಮ ಗೈಡ್ ಸಾಹೇಬರು ಮೊನ್ನೆ ಫೋನ್ ಮಾಡಿದ್ದರು. ನಾನು ಲ್ಯಾಬ್ ಬಿಡುವಾಗ ತಲೆಯೆತ್ತಿ ನೋಡದ ಮನುಷ್ಯ! "ಅದೇನು ಮಾಟ ಮಾಡಿ ಹೋದೆಯಮ್ಮಾ? ಒಂದು ಹರಳೂ ಬೀಳ್ತಿಲ್ವಲ್ಲ. ತಳದಲ್ಲಿ ಬರೀ ಎಣ್ಣೆ!" ಅಂದರು. "ನಾನು ವರ್ಷಗಟ್ಟಲೆ ಬೆವರು ಸುರಿಸಿದ ಕೆಲಸ ನಿಮ್ಮ ಮತ್ತು ಪುಟ್ಟಿಯ ಹೆಸರಲ್ಲೇ ಅಚ್ಚಾಗಿದೆಯಲ್ಲ ಸಾರ್, ನಿಮಗೇ ಗೊತ್ತಿರಬೇಕು" ಅಂದೆ. ಫೋನ್ ಇಟ್ಟ ಮೇಲೆ ಹೊಟ್ಟೆ ತಣ್ಣಗಾಯಿತು.

ಮಾಟವೂ ಇಲ್ಲ, ಮಣ್ಣೂ ಇಲ್ಲ ಕಣೇ. ಪುಡಿಯನ್ನು ಬಿಸಿ ಆಲ್ಕೋಹಾಲಿನಲ್ಲಿ ಕರಗಿಸಿ, ಸೋಸಿ, ನಿಧಾನವಾಗಿ ತಣಿಯಲು ಬಿಟ್ಟರೆ ಕೊಳೆಯೆಲ್ಲ ದ್ರವದಲ್ಲೇ ಉಳಿದು ಶುದ್ಧ ಹರಳು ಬೀಳುತ್ತದೆ ಅಂತ ನಿನಗೆ ಕಲಿಸಿದವಳು ನಾನೇ. ಆದರೆ ನಮ್ಮ ಈ ವಸ್ತು ಮಹಾ ಹಟಮಾರಿ. ಹಳೆಯ ಹರಳಿನ ಕಣವೊಂದು ಒಳಗೆ ಬಿದ್ದರೇ ಹೊಸದು ಕಟ್ಟುವುದು. ಅಂಥ ಕಣ ನಮ್ಮ ಲ್ಯಾಬಿನ ದೂಳಿನಲ್ಲೇ ಇತ್ತು, ನೀವ್ಯಾರೂ ಗಮನಿಸಿರಲಿಲ್ಲ. ನಾನು ಲ್ಯಾಬ್ ಬಿಡುವ ವಾರ ಫ್ಲಾಸ್ಕು, ಫನಲ್ಲು, ತಕ್ಕಡಿ, ಮೇಜು ಎಲ್ಲವನ್ನೂ ಉಜ್ಜಿ ಉಜ್ಜಿ ತೊಳೆದೆ. "ಎಷ್ಟು ಒಳ್ಳೆಯವಳೇ ಅಕ್ಕಾ ನೀನು!" ಅಂತ ನೀನೇ ಹೊಗಳಿದೆ. ಮಾಡಿಟ್ಟಿದ್ದ ಹರಳಿನ ಸೀಸೆ ಆಗ ನನ್ನ ಕೈಚೀಲದಲ್ಲಿತ್ತು.

ಮುಂದಿನ ವಾರ ಪರೀಕ್ಷಕರ ಕಣ್ಣೆದುರೇ ಹರಳು ಮಾಡಿ ತೋರಿಸಬೇಕು, ಇಲ್ಲದಿದ್ದರೆ ಡಿಗ್ರಿ ಕೈತಪ್ಪಿದಂತೆಯೇ ಎಂದು ಬರೆದಿದ್ದೀಯ. "ಒಂದೇ ಒಂದು ಚಿಟಿಕೆ ಕಳಿಸು ಅಕ್ಕಾ, ಕಾಲಿಗೆ ಬೀಳ್ತೀನಿ" ಎಂದೂ ಬರೆದಿದ್ದೀಯ. ಗಾಜಿನ ಕಡ್ಡಿಯಿಂದ ಫ್ಲಾಸ್ಕಿನ ಒಳಗೋಡೆ ಕೆರೆದು ನೋಡು, ಒಮ್ಮೊಮ್ಮೆ ಅದರಿಂದಲೂ ಹರಳು ಕಟ್ಟುವುದುಂಟು. ಕೆರೆಯುತ್ತಲೇ ಇರು. ಸೀಸೆಯನ್ನು ನಿನ್ನೆ ಬಚ್ಚಲಿಗೆ ಸುರಿದು ನೀರು ಬಿಟ್ಟೆ.

ದೇವರು ನಿನಗೆ ಆಯುಸ್ಸು, ಆರೋಗ್ಯ ಎಲ್ಲ ಕೊಡಲಿ. ಡಿಗ್ರಿಯ ವಿಷಯ ನಿನಗೂ ನಿನ್ನ ಸಾಹೇಬರಿಗೂ ಬಿಟ್ಟದ್ದು.

ಇಂತಿ,
ನಿನ್ನ ಅಕ್ಕ

ತಾ.ಕ.: ಪ್ರಬಂಧದಿಂದ ನನ್ನ ಹೆಸರು ಕಿತ್ತು ಹಾಕಿದ್ದನ್ನು ಬೇಕಾದರೆ ಮರೆತೇನು. ಅಮ್ಮ ಆಸ್ಪತ್ರೆ ಸೇರಿದಾಗ "ನೀನು ಅಮ್ಮನ ಹತ್ರ ಇರು, ಲ್ಯಾಬ್ ನಾನು ನೋಡ್ಕೋತೀನಿ" ಅಂದವಳು ನೀನು. ಚೆನ್ನಾಗಿಯೇ ನೋಡಿಕೊಂಡೆ. ಆಸ್ಪತ್ರೆಗೆ ಒಂದು ಸಲವೂ ಬರಲಿಲ್ಲ. ಅಮ್ಮ ಬಾಗಿಲ ಕಡೆಗೇ ಕಣ್ಣಿಟ್ಟು "ಪುಟ್ಟಿ ಬಂದಳಾ?" ಅಂತ ಕೇಳಿ ಕೇಳಿ ಪ್ರಾಣ ಬಿಟ್ಟಳು. ಅದಕ್ಕೆ ಮುಂಚೆ, ನಿನಗೆ ಹೇಳು ಅಂತ ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದಳು. ಅದನ್ನು ನಾನು ಸಾಯುವವರೆಗೂ ನಿನಗೆ ಹೇಳುವುದಿಲ್ಲ.