ಎಕಾರ್ಟ್ ಕೆಡವಿದ ಬಾಂಬರ್

ಬ್ರನ್ಸ್‌ವಿಕ್ ಹತ್ತಿರದ ವಿಮಾನನೆಲೆ, ಜರ್ಮನಿ
ಏಪ್ರಿಲ್ 1944, ಭಾನುವಾರ

ನನ್ನ ಗೆರ್ಲಿಂಡ್‌ಗೆ, ಹೊಟ್ಟೆಯಲ್ಲಿರುವ ಕೂಸಿಗೂ ಸೇರಿಸಿ, ಒಂದು ಮುತ್ತು.

ಅಂಚೆಗೆ ಹಾಕಿದರೆ ಒಡೆದು ಓದುತ್ತಾರೆ. ಅದಕ್ಕೇ ರಜೆಗೆ ಹೊರಟ ಮೆಕ್ಯಾನಿಕ್ ರೂಪ್ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿ ಒಲೆಗೆ ಹಾಕು. ಅತ್ತೆಗೆ ತೋರಿಸಬೇಡ.

ನಿನ್ನ ತಮ್ಮ ಎಕಾರ್ಟ್ ನೋವಿಲ್ಲದೆ ಒಂದೇ ಕ್ಷಣದಲ್ಲಿ ತೀರಿಕೊಂಡ ಅಂತ ಕ್ಯಾಪ್ಟನ್ ಟ್ರೆಂಕ್ನರ್ ನಿಮಗೆ ಬರೆದದ್ದು ಶುದ್ಧ ಸುಳ್ಳು. ನಿಜ ಹೇಳಿ ಅಂತ ನೀನೇ ತಂತಿ ಕಳಿಸಿ ಪಟ್ಟು ಹಿಡಿದೆ. ಹಾಗಾದರೆ ಕೂತು ಓದು.

ಟ್ರೆಂಕ್ನರ್‌ಗೆ ಗಂಟಲು ನೋವು. ಕಾಯಿಲೆ ಅಲ್ಲ ಕಣೇ. ಕೊರಳಿಗೆ ಕಟ್ಟುವ ಶಿಲುಬೆಯ ಪದಕಕ್ಕೆ ಬಾಯಿ ಬಿಡುವವರನ್ನು ನಾವು ಹಾಗೆ ಆಡಿಕೊಳ್ಳುತ್ತೇವೆ. ಅವನು ಇನ್ನೊಂದೇ ವಿಮಾನ ಕೆಡವಿದ್ದರೆ ಅದು ಸಿಗುತ್ತಿತ್ತು. ಎಕಾರ್ಟ್‌ನ ನಾಲಿಗೆ ನಿನಗೆ ಗೊತ್ತಲ್ಲ, ಊಟದ ಮೇಜಿನಲ್ಲಿ ಅವನೆದುರಿಗೇ, "ಕ್ಯಾಪ್ಟನ್ನರ ಗಂಟಲಿಗೆ ಒಂಚೂರು ಬಿಸಿ ಹಾಲು ತನ್ರಪ್ಪಾ" ಅಂದುಬಿಟ್ಟ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಟ್ರೆಂಕ್ನರ್ ಕೂಡ ನಕ್ಕ, ಮಾರನೆಯ ದಿನವೇ ಅವನನ್ನು ತನ್ನ ಜೊತೆಗಾರನಾಗಿ ಹಾಕಿಕೊಂಡ. ಜೊತೆಗಾರ ಅಂದರೆ ಬೇಟೆಯಾಡುವವನಲ್ಲ, ಮುಂದೆ ಹಾರುವವನ ಬೆನ್ನು ಕಾಯುವವನು.

ಮಂಗಳವಾರ ಅಮೆರಿಕದ ಬಾಂಬರ್‌ಗಳು ಬಂದವು. ಟ್ರೆಂಕ್ನರ್ ಮೊದಲು ನುಗ್ಗಿದ. ಅವನ ಗನ್ನು ಕೆಟ್ಟು ನಿಂತಿತು, ಪಕ್ಕಕ್ಕೆ ಸರಿದ. ಎಕಾರ್ಟ್ ಸರಿಯಲಿಲ್ಲ. ಎದುರಿನಿಂದಲೇ ಹೋಗಿ ಒಂದು ಬಾಂಬರ್‌ನ ಗಾಜಿನ ಮೂತಿಗೆ ಹೊಡೆದ. ಗಾಜು, ಮನುಷ್ಯರು ಒಟ್ಟಿಗೇ ಚೂರಾದರು. ರೆಕ್ಕೆ ಮುರಿಯಿತು. ಒಳಗಿದ್ದ ಹುಡುಗರು ಉದುರಿದರು, ಒಬ್ಬನ ಪ್ಯಾರಾಚೂಟೂ ಬಿಚ್ಚಿಕೊಳ್ಳಲಿಲ್ಲ. ಅವರ ಹಿಂದೆಯೇ ನನ್ನ ವಿಮಾನದಲ್ಲಿ ಹಾರುತ್ತಿದ್ದ ನಾನು ಖುಷಿಯಿಂದ ಕೂಗಿದೆ. ಪೋಲೆಂಡಿನ ಯುದ್ಧದಿಂದಲೂ ಹೀಗೇ ಕೂಗುತ್ತ ಬಂದಿದ್ದೇನೆ. ರಷ್ಯಾದಲ್ಲಿ ರಸ್ತೆ ಮೇಲೆ ಓಡುತ್ತಿದ್ದವರ ಮೇಲೂ ಗುಂಡು ಸುರಿಸಿದೆವು. ಅವರಲ್ಲಿ ಸೈನಿಕರೆಷ್ಟು, ಹೆಂಗಸರೆಷ್ಟು ಅಂತ ಯಾರೂ ಇಳಿದು ನೋಡಲಿಲ್ಲ.

ಅಷ್ಟರಲ್ಲಿ ಅವರ ಕಾವಲು ವಿಮಾನಗಳು ಎಕಾರ್ಟ್‌ನ ಹಿಂದೆ ಬಿದ್ದವು. ಅವನು ರೇಡಿಯೋದಲ್ಲಿ ಟ್ರೆಂಕ್ನರ್‌ನನ್ನು ಕರೆದ. ಆ ಹೇಡಿ ಮೋಡದೊಳಗೆ ನುಸುಳಿದ. ನನ್ನ ಹಿಂದೆಯೂ ಇಬ್ಬರಿದ್ದರು, ತಿರುಗುವ ಹಾಗಿರಲಿಲ್ಲ. ಆಮೇಲೆ ನನ್ನನ್ನು ಕರೆದ. "ಭಾವಾ, ಕಾಲು ಉರೀತಿದೆ, ಮೇಲಿನ ಗಾಜು ತೆಗೆಯೋಕಾಗ್ತಿಲ್ಲ" ಅಂದ. ಅಲ್ಲಿಂದ ನೆಲ ಮುಟ್ಟುವವರೆಗೂ ಬರೀ ಕಿರುಚಾಟ.

ಬೀಟ್‌ರೂಟ್ ಹೊಲದಿಂದ ಅವನನ್ನು ನಾನೇ ಆಯ್ದುಕೊಂಡು ಬಂದೆ. ಸೊಂಟದಿಂದ ಕೆಳಗೆ ಏನೂ ಇರಲಿಲ್ಲ, ಮುಖ ಇದ್ದಿಲಾಗಿತ್ತು. ಚಿಕ್ಕವನಿದ್ದಾಗ ನೀನು ಹಿಮಗಾಡಿಯಿಂದ ತಳ್ಳಿ ಮುರಿದೆಯಲ್ಲ, ಆ ಹಲ್ಲು ನೋಡಿ ಗುರುತು ಹಿಡಿದೆ. ಮಗನನ್ನು ನೋಡಬೇಕು, ಶವಪೆಟ್ಟಿಗೆ ತೆರೆಯಿರಿ ಅಂತ ಅತ್ತೆ ಎಷ್ಟೇ ಹಟ ಮಾಡಿದರೂ ಬಿಡಬೇಡ. ತೂಕಕ್ಕೆ ಮರಳು ತುಂಬಿದ್ದಾರೆ.

ಅಂದು ಸಂಜೆ ಟ್ರೆಂಕ್ನರ್ ನನ್ನನ್ನು ಕರೆಸಿ ಬ್ರಾಂದಿ ಸುರಿದ. ಕಣ್ಣಾರೆ ಕಂಡವನ ಸಾಕ್ಷಿ ಇಲ್ಲದೆ ನಮ್ಮಲ್ಲಿ ಯಾವ ವಿಮಾನವೂ ಯಾರ ಹೆಸರಿಗೂ ಸೇರುವುದಿಲ್ಲ. ಆ ಬಾಂಬರ್ ಬಿದ್ದದ್ದನ್ನು ನೋಡಿ ಬದುಕಿ ಬಂದವನು ನಾನೊಬ್ಬನೇ. ಅದನ್ನು ತಾನೇ ಕೆಡವಿದ್ದು ಅಂತ ನಾನು ಸಹಿ ಹಾಕಬೇಕಂತೆ.

"ಸತ್ತವನಿಗೆ ಅದು ಯಾಕಯ್ಯಾ?" ಅಂದ.

"ಕೆಡವಿದ್ದು ಎಕಾರ್ಟ್. ನಾನು ನೋಡಿದ್ದು ಅದನ್ನೇ" ಅಂದೆ.

ಅವನು ನಕ್ಕ ನೋಡು, ನನಗೆ ಮೈಯೆಲ್ಲಾ ಉರಿದುಹೋಯಿತು. ಮೂಗಿಗೆ ಗುದ್ದಿದೆ. ಮೂಳೆ ಮುರಿದದ್ದು ಕೈಗೇ ತಿಳಿಯಿತು. ದೂರು ಕೊಟ್ಟರೆ ಯಾಕೆ ಹೊಡೆದ ಅಂತ ಮೇಲಿನವರು ಕೇಳುತ್ತಾರಲ್ಲ, ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದಾನೆ. ಬಾಂಬರ್ ಈಗ ಎಕಾರ್ಟ್‌ನ ಹೆಸರಿನಲ್ಲೇ ಇದೆ. ಅತ್ತೆಗೆ ಅಷ್ಟು ಮಾತ್ರ ಹೇಳು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನವನೇ,
ಆರ್ನುಲ್ಫ್

ಮರೆತ ಮಾತು: ಮರೆತಿರಲಿಲ್ಲ, ಬಚ್ಚಿಟ್ಟಿದ್ದೆ. ಸಹಿ ಹಾಕಿದರೆ ನಮ್ಮೂರ ಪಕ್ಕದ ತರಬೇತಿ ಶಾಲೆಗೆ ಮೇಷ್ಟ್ರಾಗಿ ಕಳಿಸುತ್ತೇನೆ ಅಂದಿದ್ದ. ಆದೇಶ ಟೈಪಾಗಿ ಮೇಜಿನ ಮೇಲೇ ಇತ್ತು. ಹೆರಿಗೆಗೆ ನಿನ್ನ ಪಕ್ಕದಲ್ಲಿರುತ್ತಿದ್ದೆ. ಮೂಗಿನಿಂದ ರಕ್ತ ಸುರಿಯುತ್ತಿದ್ದರೂ ಆ ಆದೇಶವನ್ನು ನನ್ನೆದುರಿಗೇ ಹರಿದು ಹಾಕಿದ. ನಾಳೆಯಿಂದ ಅವನ ಜೊತೆಗಾರ ನಾನು. ನೀನು ಬೈಯುತ್ತೀಯ, ಬೈಯಲೇಬೇಕು. ಆದರೆ ಗೆರ್ಲಿಂಡ್, ಬೇಗ ಬರೆದು ಬೈಯಿ.