ಗಾಜಿನ ಮೇಲಿನ ಚೂರು

೧೮-೧೧-೧೯೪೬, ಕಾರ್ತಿಕ ಸೋಮವಾರ

ಯಜಮಾನರ ನಾಲಿಗೆಯ ಹುಣ್ಣಿನಿಂದ ಡಾಕ್ಟರು ಪರೀಕ್ಷೆಗೆಂದು ಕಡಲೆಬೇಳೆಯಷ್ಟು ಚೂರು ಕತ್ತರಿಸಿ ತೆಗೆದಿದ್ದರಲ್ಲ, ಅದನ್ನು ಕೇಳಿ ತರಲು ಇಂದು ತಿಕೋಟೆಯಿಂದ ವಿಜಾಪುರಕ್ಕೆ ಹೋಗಿದ್ದೆ. ಲಿಂಗ ಕಟ್ಟಿದ ದೇಹ ಪೂರ್ತಿಯಾಗಿ ಮಣ್ಣಿಗೆ ಹೋಗಬೇಕು. ಅದಕ್ಕೇ ಅರ್ಧ ನಾಲಿಗೆ ಕತ್ತರಿಸಬೇಕಾದೀತು ಎಂದು ಡಾಕ್ಟರು ಹೇಳಿದಾಗಲೂ ನಾನು ಒಪ್ಪಿರಲಿಲ್ಲ.

"ಕೊಡೂದು ಆಮ್ಯಾಲ. ಮೊದಲ ನೋಡ್ರಿ ಅವ್ವಾರ," ಎಂದು ಡಾಕ್ಟರು ಸಣ್ಣದನ್ನು ದೊಡ್ಡದಾಗಿ ತೋರಿಸುವ ದುರ್ಬೀನಿನ ಮುಂದೆ ಕೂಡಿಸಿದರು.

ಚೂರನ್ನು ಉಳ್ಳಾಗಡ್ಡಿ ಪೊರೆಗಿಂತ ತೆಳ್ಳಗೆ ಹೆರೆದು, ಬಣ್ಣ ಹಾಕಿ, ಗಾಜಿಗೆ ಅಂಟಿಸಿದ್ದರು. ಒಂದು ಕಡೆ ದ್ರಾಕ್ಷಿ ಗೊಂಚಲಿನಂಥ ಸಣ್ಣ ಸಣ್ಣ ಗಂಟುಗಳು. ಜೊಲ್ಲು ಹುಟ್ಟುವುದು ಅಲ್ಲೇ ಅಂತೆ, ಗೊಂಚಲಿಗೊಂದು ಕಾಲುವೆಯೂ ಇದೆ. ಶಿವನೇ, ಯಾರಿಗೂ ಕಾಣದ ಜಾಗದಲ್ಲಿ ಇಷ್ಟು ಅಚ್ಚುಕಟ್ಟಾಗಿ ಯಾಕೆ ಕಟ್ಟಿದೆ? ಆಮೇಲೆ ಗಾಜು ಸರಿಸಿದರು. ಅಲ್ಲಿ ಗೊಂಚಲಿಲ್ಲ, ಕಾಲುವೆಯಿಲ್ಲ. ಕಣಗಳು ಒಂದರ ಮೇಲೊಂದು ಬಿದ್ದು ಒಳಗೆ ನುಗ್ಗಿದ್ದವು. ಹುಣ್ಣು ಬೇರು ಬಿಟ್ಟಿದೆ ಎಂದು ಯಾರೂ ಹೇಳಬೇಕಾಗಲಿಲ್ಲ. ಚೂರು ಕೇಳುವುದನ್ನೇ ಮರೆತು ಬಂದೆ.

ಮನೆಯಲ್ಲಿ ಯಜಮಾನರೇ ಕೇಳಿದರು, "ಏನ ಕಂಡ್ತು ನನ್ನ ನಾಲಿಗ್ಯಾಗ? ನಿನಗ ಬೈದಿದ್ದೆಲ್ಲಾ ಅಲ್ಲೇ ಕುಂತಿತ್ತೇನು?"

"ಮಿರಜಿನ ದೊಡ್ಡ ದವಾಖಾನಿಗೆ ಹೋಗೂಣ್ರಿ. ನಾಲಿಗಿ ಕತ್ತರಸಲಿ," ಎಂದೆ.

ಯಜಮಾನರು ಕೊರಳ ಲಿಂಗವನ್ನು ಮುಟ್ಟಿ ನೋಡಿಕೊಂಡರು. "ಹಂಗಾರ ಮುಂಜಾನಿ ಪೂಜ್ಯಾಗ ಮಂತ್ರ ಇನ್ನ ನೀನ ಅನ್ನು. ನಾ ಕೇಳ್ತೇನಿ."

ಈಗ ಅಡಿಗೆಮನೆಯಲ್ಲಿ ಒಬ್ಬಳೇ ಮಂತ್ರ ಅಂದು ನೋಡಿದೆ. ಎರಡನೆಯ ಸಾಲಿಗೇ ಬಾಯಿ ಒಣಗಿತು. ನೀರು ಕುಡಿದು ಮತ್ತೆ ಮೊದಲ ಸಾಲಿನಿಂದ ಶುರು ಮಾಡಿದೆ.